ಮೂರು ಗುಂಡಿಗೂ ಕುಂಕುಮ

“ಗುರುಗಳೇ, ಇದಕ್ಕಿಂತ ಸರಳವಾಗಿ ಹೇಗೆ ಬರೆಯಲಿ?” ಎಂದು ಶಿಷ್ಯ ಮರುಳಯ್ಯ ಕೇಳಿದ. ಮಠದ ಪ್ರವಚನವನ್ನು ಫೋನಿನಲ್ಲಿ ಕೇಳುವ ಬಗೆಯನ್ನು ಬರೆದು, ಮನೆಬಿಟ್ಟು ಬರಲಾಗದ ಭಕ್ತರಿಗೆ ಅವನು ಹಂಚಿದ್ದ. ಯಾರಿಗೂ ಪ್ರವಚನ ಕೇಳಿಸಿರಲಿಲ್ಲ. “ಮಕ್ಕಳಿಗೂ ತಿಳಿಯುವಂಥದ್ದು. ಇವರಿಗೇ ತಿಳಿಯುವುದಿಲ್ಲ.”

ಶಿವನ ಕೃಪೆ, ಆಗ ಗುರುಗಳು ಹೇಳಿದ ಕತೆ ನಮ್ಮ ಕಿವಿಗೂ ಬಿತ್ತು.

ಒಬ್ಬ ನೇಕಾರನಿದ್ದ. ವಯಸ್ಸಾದಂತೆ ಅವನಿಗೆ ಆಗಾಗ ಉಸಿರು ಕಟ್ಟುತ್ತಿತ್ತು. ಒಬ್ಬ ಯಂತ್ರದವನು ಗಾಳಿ ಕೊಡುವ ಯಂತ್ರವನ್ನು ತಂದು ಮಂಚದ ಪಕ್ಕ ಇಟ್ಟ. ಅದಕ್ಕೆ ಮೂರು ಗುಂಡಿ. ‘ಉಸಿರು ಕಟ್ಟಿದಾಗ ಕೆಂಪು ಗುಂಡಿ ಒತ್ತಿರಿ’ ಎಂದು ಒಂದೇ ಸಾಲು ಬರೆದುಕೊಟ್ಟು ಹೋದ. ನೇಕಾರನ ಹೆಂಡತಿ ಮಗ್ಗವನ್ನು ಪೂಜಿಸುವ ಹಾಗೆ ಯಂತ್ರವನ್ನೂ ಪೂಜಿಸಿದಳು. ಮೂರು ಗುಂಡಿಗೂ ತುಂಬ ಕುಂಕುಮವಿಟ್ಟಳು.

ಮರುದಿನ ಗಂಡನ ಉಸಿರು ಕಟ್ಟಿತು. ಅವಳು ಒಂದಾದ ಮೇಲೊಂದು ಮೂರನ್ನೂ ಒತ್ತಿದಳು. ಗಾಳಿ ಬಂತು, ಹೆಚ್ಚಿತು, ನಿಂತಿತು. ಮತ್ತೆ ಒತ್ತಿದಳು, ಮತ್ತೆ ನಿಂತಿತು. ಕನಸಿನಲ್ಲಿ ಓಡಿದಂತಾಯಿತು ಅವಳಿಗೆ. ನೆರೆಯವರು ಯಂತ್ರದವನನ್ನು ಕರೆತಂದಾಗ ನೇಕಾರನ ತುಟಿ ಕಪ್ಪಾಗಿತ್ತು. ಅವನು ಬಂದು ಗುಂಡಿ ಒತ್ತಿದ ಮೇಲೆ ಎದೆ ಮೆಲ್ಲಗೆ ಏರಿ ಇಳಿಯಿತು.

“ಕೆಂಪು ಅಂತ ಬರೆದಿದ್ದೆನಲ್ಲ ತಾಯಿ, ಓದಲಿಲ್ಲವೇ?”

“ಕಣ್ಣಿಗೊತ್ತಿಕೊಂಡು ಓದಿದೆನಪ್ಪ. ಮೂರೂ ಕೆಂಪಗಿದ್ದವು. ಒಂದಕ್ಕೆ ಕುಂಕುಮವಿಟ್ಟು ಉಳಿದೆರಡನ್ನು ಬರಿ ಹಣೆಯಲ್ಲಿ ಬಿಡಲೇ?”

ಅವನು ಕುಂಕುಮ ಒರೆಸಲು ಕೈ ಚಾಚಿದ. ಅವಳು ಆ ಕೈ ಹಿಡಿದುಕೊಂಡಳು.

“ಒರೆಸಬೇಡ. ಅವರು ಹೀಗೆ ಮಲಗಿರುವಾಗ ಈ ಮನೆಯಲ್ಲಿ ಯಾರೂ ಕುಂಕುಮ ಒರೆಸಬಾರದು.”

ಅವನು ಕೈ ಹಿಂದೆಗೆದ. ಅವಳು ದಿನವೂ ಕೂರುವ ಜಾಗದಲ್ಲಿ, ಗಂಡನ ತಲೆಯ ಬಳಿ, ನೆಲದ ಮೇಲೆ ಕೂತ. ಕಣ್ಣು ಮುಚ್ಚಿ ಕೈ ಚಾಚಿದ. ಮೊದಲು ಸಿಕ್ಕಿದ್ದು ಗಾಳಿ ಕೊಡುವ ಗುಂಡಿಯೇ. ಆಮೇಲೆ ಬರೆದ: ‘ಇವರ ತಲೆಯ ಬಳಿ ಕೂರಿರಿ. ಕೈಗೆ ಮೊದಲು ಸಿಗುವ ಗುಂಡಿ ಒತ್ತಿರಿ. ಉಳಿದವನ್ನು ಮುಟ್ಟಬೇಡಿ.’

ಮತ್ತೊಂದು ದಿನ ಉಸಿರು ಕಟ್ಟಿತು. ಅವಳು ಶಿವನನ್ನು ನೆನೆದು ಕೈ ಚಾಚಿದಳು. ಮಗ್ಗದಲ್ಲಿ ಲಾಳಿ ಹೋಗಿ ಬರುವ ಹಾಗೆ ಉಸಿರು ಹೋಗಿ ಬರತೊಡಗಿತು. ಅದನ್ನು ಕೇಳುತ್ತಲೇ ಅವಳು ಗೋಡೆಗೊರಗಿ ನಿದ್ದೆ ಹೋದಳು.

ಕತೆ ಮುಗಿಯಿತು. ಮರುಳಯ್ಯ, “ಹಾಗಾದರೆ ಇನ್ನೊಮ್ಮೆ ಬರೆಯುತ್ತೇನೆ” ಎಂದು ಮಠದೊಳಗಿನ ತನ್ನ ಕೋಣೆಯ ಕಡೆ ಹೊರಟ.

ಗುರುಗಳು ಕೇಳಿದರು: “ಯಾರ ಮನೆಯಲ್ಲಿ ಕೂತು ಬರೆಯುತ್ತೀಯೆ, ಮಗು?”