ಸೋರುವ ವಾಲ್ವ್

ಮಳೆ ಮುಖ ತೋರಿಸದ ವರ್ಷ. ಕೇರಿಯ ಮುಂದೆ ಹಾದುಹೋಗುವ ನೀರಿನ ಪೈಪಿನ ವಾಲ್ವ್ ಸೋರುತ್ತಿತ್ತು. ಬೇರೆ ನಲ್ಲಿಯಿಲ್ಲದ ಕೇರಿಯ ಬಿಂದಿಗೆಗಳೆಲ್ಲ ಅದರ ಮುಂದೆಯೇ ಸಾಲುಗಟ್ಟಿದ್ದವು.

"ಲೇ ನೀರುಗಂಟಿ, ಆ ಸೋರೋದನ್ನ ನಿಲ್ಲಿಸು! ನಮ್ಮನೆ ಸಂಪು ಅರ್ಧವೂ ತುಂಬ್ತಿಲ್ಲ" ಎಂದು ಪಂಚಾಯ್ತಿ ಅಧ್ಯಕ್ಷ ಸಣ್ಣಗೌಡರು ಗುಡುಗಿದರು.

ಊರಿಗೆ ನೀರು ಬಿಡುವ ನೀರುಗಂಟಿ ಹಾಲಪ್ಪ ಬಿಂದಿಗೆಗಳ ಸಾಲಿನತ್ತ ನೋಡಿದ. ಸೋರುವುದು ನಿಂತರೆ ಕೇರಿಯವರು ಕುಡಿಯುವುದೇನನ್ನು? ತಲೆ ಕೆರೆಯುತ್ತ ಅಂದ:

"ಆಗ್ಲಿ ಗೌಡ್ರೆ. ವಾಲ್ವ್ ಬಿಚ್ಚಬೇಕಂದ್ರೆ ಲೈನೇ ಬಂದ್ ಮಾಡ್ಬೇಕು. ಹೊಸ ವಾಷರ್ ಬರೋವರೆಗೂ ನಿಮ್ಮ ಸಂಪಿಗೂ ಹನಿ ಬೀಳಲ್ಲ. ಮಾಡ್ಲಾ?"

ಗೌಡರ ಮೀಸೆ ಇಳಿಯಿತು. "ಬೇಡ ಬಿಡೋ. ಪಾಪ, ಬಡವರೂ ಕುಡೀಲಿ."

ವಾರ ತುಂಬುವಷ್ಟರಲ್ಲಿ ಊರ ಬೋರ್‌ವೆಲ್ಲೇ ಬತ್ತಿತು. ಒಣಗಿದ ವಾಲ್ವಿನ ಮುಂದೆ, ಕೇರಿಯ ಬಿಂದಿಗೆಗಳ ಹಿಂದೆ, ಗೌಡರ ಬಿಂದಿಗೆಯೂ ಬಂದು ಕೂತಿತು.

"ಏನಾದ್ರೂ ಮಾಡೋ ಹಾಲಪ್ಪಾ."

"ಇನ್ನೇನು ಮಾಡ್ಲಿ ಗೌಡ್ರೆ? ನೀವು ಹೇಳಿದ ಹಾಗೇ ಸೋರೋದು ನಿಂತೈತಲ್ಲ."