ಸಾಹುಕಾರರ ಲಕ್ಷ್ಮಿ ಫೋಟೋ

ಮುರಿಗೆಪ್ಪ ಸಾಹುಕಾರರ ಸೀರೆ ಅಂಗಡಿ ರಾತ್ರೋರಾತ್ರಿ ಸುಟ್ಟು ಬೂದಿಯಾಗಿತ್ತು. ತನಿಖೆಗೆ ಬಂದ ಪೇದೆಯ ಮೇಲೆ ಸಾಹುಕಾರರು ಹಾರಾಡಿದರು.

"ದರೋಡೆಕೋರರು ಸೀರೆಯೆಲ್ಲ ಹೊತ್ತೊಯ್ದು ಬೆಂಕಿ ಇಟ್ಟಿದ್ದಾರೆ. ಈ ಕಾವಲುಗಾರನೂ ಅವರ ಜೊತೆಗಾರನೇ. ಇವನನ್ನ ಎಳಕೊಂಡು ಹೋಗು, ಬೂದಿ ಕೆದಕುತ್ತಾ ಕೂರಬೇಡ."

ಪೇದೆ ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಯಲ್ಲಿದ್ದ ಖಾಲಿ ಮೊಳೆ ನೋಡಿದ. ಕೆಳಗಿನ ಬೂದಿಯಲ್ಲಿ ಗಾಜಿನ ಚೂರೇ ಇರಲಿಲ್ಲ. ಟೋಪಿ ತೆಗೆದು ಲೊಚಗುಟ್ಟಿದ.

"ದಿನಾ ಪೂಜೆ ಮಾಡ್ತಿದ್ದ ಲಕ್ಷ್ಮಿ ಫೋಟೋನೂ ಸುಟ್ಟುಹೋಯ್ತಲ್ಲ ಸಾಹುಕಾರ್ರೇ. ಮನೆತನಕ್ಕೆ ಒಳ್ಳೇದಲ್ಲ."

"ಬಿಡ್ತು ಅನ್ನು. ಲಕ್ಷ್ಮೀನ ಸುಡೋಕೆ ಬಿಡ್ತೀನಾ? ನಿನ್ನೆ ಸಂಜೇನೇ ಮನೆಗೆ ಒಯ್ದು ದೀಪ ಹಚ್ಚಿದ್ದೀನಿ" ಎಂದ ಸಾಹುಕಾರರು ಥಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದರು.

ಪೇದೆ ಕಾವಲುಗಾರನ ಹೆಗಲು ತಟ್ಟಿ ಟೋಪಿ ಹಾಕಿಕೊಂಡ.

"ನಡೀರಿ, ತಾಯಿಗೆ ಕೈ ಮುಗಿದು ಬರೋಣ. ಸೀರೆಗಳೂ ಅವಳ ಹಿಂದೇನೇ ಬಂದಿರಬೇಕು."