ಸುಮ್ಮನೆ ಕೂರಲಾರದವನು

ಹೊಳೆದಂಡೆಯಲ್ಲೊಂದು ಮಠ. ಅಲ್ಲಿನ ಅಡುಗೆ ನಿಜಗುಣನದು. ಹೆಂಡತಿ ರಾಜಮ್ಮಣ್ಣಿ ತೀರಿಕೊಂಡ ತಿಂಗಳಿಗೇ ಬಂದು ಸೇರಿದವನು. ಎರಡು ವರ್ಷವಾಯಿತು.

ಯಾರು ಏನು ಹೇಳಿದರೂ ಅವನದು ಒಂದೇ ಮಾತು. "ಆಗಲಿ."

ಅಡುಗೆಯ ಜೊತೆಗೆ ಕೊಟ್ಟಿಗೆಯೂ ಅವನಿಗೇ ಬಂತು. ಆಮೇಲೆ ಹೂದೋಟ. "ನಿಜಗುಣನಿಗೆ ಹೇಳ್ರಪ್ಪಾ, ಅವನಿಗೆ ಬೇಡ ಅನ್ನೋಕೆ ಬರಲ್ಲ" ಎಂದು ಎಲ್ಲರೂ ನಗುತ್ತಿದ್ದರು.

ಒಂದು ದಿನ ಸಾರಿನ ಪಾತ್ರೆ ಇಳಿಸುವಾಗ ತಲೆ ಸುತ್ತಿ ಕುಸಿದ.

ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ ನೋಡಿದರು. "ಬಿ.ಪಿ. ತುಂಬಾ ಏರಿದೆ. ಹೀಗೇ ಬಿಟ್ಟರೆ ಲಕ್ವ ಹೊಡೆಯುತ್ತೆ. ಉಪ್ಪು ಕಮ್ಮಿ ಮಾಡು, ಈ ಮಾತ್ರೆ ದಿನಾ ತಗೋ."

ಉಪ್ಪು ಕಮ್ಮಿ ಮಾಡಿದ. ಮಾತ್ರೆ ಒಂದು ದಿನವೂ ತಪ್ಪಿಸಲಿಲ್ಲ. ಎರಡು ತಿಂಗಳಾದರೂ ಬಿ.ಪಿ. ಇಳಿಯಲಿಲ್ಲ.

ಹೆದರಿ ಗುರುಗಳ ಹತ್ತಿರ ಹೋದ. ಅವರು ಹೊಳೆಯ ಮೆಟ್ಟಿಲ ಮೇಲೆ ಕೂತು ಬಟ್ಟೆ ಹಿಂಡುತ್ತಿದ್ದರು.

"ಬುದ್ಧಿ, ಇನ್ನೇನು ಬಿಡಲಿ?"

"ಮಾತ್ರೆ ಬಿಡಬೇಡ. ಬಾ, ಕೂತ್ಕೋ."

"ಕಾಳು ನೆನೆಹಾಕಬೇಕು ಬುದ್ಧಿ."

"ಕಾಳು ಓಡಿಹೋಗಲ್ಲ. ಕೂತ್ಕೋ."

ನಿಜಗುಣ ತುದಿಗಾಲಲ್ಲಿ ಕೂತ, ಈಗಲೇ ಏಳುವವನ ಹಾಗೆ.

"ಈ ಬಟ್ಟೆ ಒಣಹಾಕ್ತೀಯಾ?"

"ಆಗಲಿ ಬುದ್ಧಿ."

"ಮೆಟ್ಟಿಲೆಲ್ಲ ಉಜ್ಜಬೇಕು."

"ಆಗಲಿ."

"ಈ ಹೊಳೇನ ಎತ್ತಿ ಆಚೆಗಿಡು."

"ಆಗ..." ನಿಜಗುಣ ನಾಲಗೆ ಕಚ್ಚಿಕೊಂಡ.

ಗುರುಗಳು ನಕ್ಕರು. "ಇಷ್ಟೊಂದು ಕೆಲಸ ಯಾಕಪ್ಪಾ ಮೈಮೇಲೆ ಎಳ್ಕೋತೀಯ?"

"ಕೆಲಸ ಇಲ್ಲದಿದ್ರೆ ಸುಮ್ಮನೆ ಕೂರಬೇಕಾಗುತ್ತೆ ಬುದ್ಧಿ."

"ಕೂತರೆ?"

ನಿಜಗುಣ ನೀರು ನೋಡಿದ.

"ರಾಜಮ್ಮಣ್ಣಿ ಬರ್ತಾಳೆ," ಎಂದ ಕೊನೆಗೆ. "ಪಕ್ಕದಲ್ಲಿ ಕೂತ್ಕೋತಾಳೆ. ಊಟ ಆಯ್ತಾ ಅಂತಾಳೆ. ಬದುಕಿದ್ದಾಗ ಕೇಳ್ತಿದ್ದ ಹಾಗೇ. ನನ್ನ ಕೈಲಿ ತಡಕೊಳ್ಳೋಕೆ ಆಗಲ್ಲ ಬುದ್ಧಿ. ಎದ್ದು ಏನಾದರೂ ಕೆಲಸ ಹುಡುಕ್ತೀನಿ."

ಮಠದ ಒಳಗಿಂದ ಯಾರೋ ಕೂಗಿದರು. "ನಿಜಗುಣಾ, ಒಲೆ ಹಚ್ಚೋದಿಲ್ವೇನೋ?"

ಅವನು ಎದ್ದ. ಗುರುಗಳು ಅವನ ಕೈ ಹಿಡಿದು ಕೂರಿಸಿದರು.

ಒದ್ದೆ ಬಟ್ಟೆಯನ್ನು ಬದಿಗಿಟ್ಟು ಮೆಟ್ಟಿಲ ಮೇಲೆ ಒಂದಿಷ್ಟು ಸರಿದರು. ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗವಾಯಿತು.

"ಎರಡು ವರ್ಷದಿಂದ ಕೇಳ್ತಾನೇ ಇದ್ದಾಳಲ್ಲಪ್ಪಾ," ಎಂದರು. "ಇವತ್ತು ಏನು ಉಂಡೆ ಅಂತ ಅವಳಿಗೆ ಹೇಳು."